ನೀರಿನ ಬಾಟಲಿ ತುಂಬಿದಂತೆಯೇ ವಾಪಸು ಬಂತೇ?

ಬೆಳಗ್ಗೆ ಏಳೂವರೆ. ಒಂದು ಒಲೆ ಮೇಲೆ ಕುಕ್ಕರ್ ಮೂರನೇ ಸೀಟಿಗೆ ಕಾಯ್ತಿದೆ, ಇನ್ನೊಂದರ ಮೇಲೆ ಉಪ್ಪಿಟ್ಟು. ಯಜಮಾನರಿಗೆ ಇಸ್ತ್ರಿ ಮಾಡಿದ ಶರ್ಟು ಬೇಕು, ಅತ್ತೆಯವರಿಗೆ ಬಿಸಿನೀರು ಬೇಕು. ಅಷ್ಟರಲ್ಲಿ ರೂಮಿನಿಂದ ಒಂದು ಸಣ್ಣ ದನಿ: ‘ಅಮ್ಮಾ... ಹೊಟ್ಟೆನೋವು. ಇವತ್ತು ಸ್ಕೂಲಿಗೆ ಹೋಗಲ್ಲ.’

ಆಗ ನಮ್ಮ ಬಾಯಿಂದ ಬರೋ ಮೊದಲ ಮಾತು ಯಾವುದು, ನೀವೇ ಹೇಳಿ? ‘ನಿಂದು ದಿನಾ ಇದೇ ಗೋಳು. ಎದ್ದೇಳು, ವ್ಯಾನ್ ಬರೋ ಹೊತ್ತಾಯ್ತು!’ ಅಲ್ವಾ? ನಾನೂ ಅದನ್ನೇ ಹೇಳಿದವಳು. ಒಂದು ದಿನ ಅಲ್ಲ, ಹೆಚ್ಚುಕಡಿಮೆ ಒಂದು ತಿಂಗಳು. ಆ ತಿಂಗಳು ನನಗೆ ಕಲಿಸಿದ್ದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನ್ನಿಸಿದೆ. ಅದರ ಜೊತೆಗೆ, ಹೇಳಲು ಸ್ವಲ್ಪ ನಾಚಿಕೆಯಾಗುವ ಇನ್ನೊಂದು ವಿಷಯವೂ ಇದೆ. ಅದನ್ನೂ ಹೇಳ್ತೀನಿ.

ಶಾಲೆಗೆ ಚಕ್ಕರ್ ಹೊಡೆಯೋದು ಒಂದು ಸಮಸ್ಯೆ, ಶಾಲೆಯಲ್ಲಿ ತಂಟೆ ಮಾಡೋದು ಇನ್ನೊಂದು ಸಮಸ್ಯೆ ಅಂತ ನಾವು ಬೇರೆ ಬೇರೆಯಾಗಿ ಲೆಕ್ಕ ಹಾಕ್ತೀವಿ. ಒಂದಕ್ಕೆ ಚಾಕೊಲೇಟ್ ಆಸೆ, ಇನ್ನೊಂದಕ್ಕೆ ಏಟು. ಆದರೆ ಬಹಳಷ್ಟು ಸಲ ಎರಡರ ಬೇರೂ ಒಂದೇ. ಮಗುವಿಗೆ ಅಲ್ಲಿ ಏನೋ ಕಷ್ಟ ಇದೆ. ಅದನ್ನು ಬಾಯಿಬಿಟ್ಟು ಹೇಳಲು ಗೊತ್ತಾಗ್ತಿಲ್ಲ. ಹಾಗಾಗಿ ಮನೆಯಲ್ಲಿ ಹೊಟ್ಟೆನೋವು, ಶಾಲೆಯಲ್ಲಿ ಜಗಳ.

ನನ್ನ ಮಗನ ಕತೆ

ಮಗ ಆಗ ಮೂರನೇ ಕ್ಲಾಸು. ಜೂನ್ ತಿಂಗಳು ಹೊಸ ಬ್ಯಾಗು, ಹೊಸ ಶೂ ಅಂತ ಕುಣಿದಾಡಿಕೊಂಡು ಹೋದವನು, ಜುಲೈ ಬರುವಷ್ಟರಲ್ಲಿ ಬೆಳಗಾದರೆ ಹೊಟ್ಟೆ ಹಿಡ್ಕೊಂಡು ಕೂರೋಕೆ ಶುರು ಮಾಡಿದ. ಡಾಕ್ಟರ ಹತ್ತಿರ ಹೋಗಿದ್ದಾಯ್ತು, ಓಮಿನ ಕಷಾಯ ಆಯ್ತು, ದೃಷ್ಟಿ ತೆಗೆದಿದ್ದೂ ಆಯ್ತು. ಅದರ ಜೊತೆಗೆ ಡೈರಿಯಲ್ಲಿ ಕೆಂಪು ಶಾಯಿಯ ಬರಹ: ‘ಊಟದ ನಂತರ ಪಕ್ಕದವರನ್ನು ತಳ್ಳುತ್ತಾನೆ. ಪಾಠದ ಕಡೆ ಗಮನ ಇಲ್ಲ. ಪೋಷಕರು ಗಮನಿಸಿ.’

ಪೋಷಕಿಯಾದ ನಾನು ಗಮನಿಸಿದ ರೀತಿ ಹೇಗಿತ್ತು ಗೊತ್ತಾ? ಅವತ್ತು ರಾತ್ರಿ ಬೆನ್ನಿಗೆ ಎರಡು ಬಾರಿಸಿದೆ. ‘ಎಲ್ಲರ ಮುಂದೆ ಮರ್ಯಾದೆ ತೆಗೀತೀಯಲ್ಲೋ’ ಅಂತ ಬೈದೆ. ಅವನು ಅಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ. ಮಾರನೇ ದಿನ ಮತ್ತೆ ಹೊಟ್ಟೆನೋವು.

ಗುಟ್ಟು ಬಿಟ್ಟುಕೊಟ್ಟಿದ್ದು ನೀರಿನ ಬಾಟಲಿ. ಸಾಯಂಕಾಲ ಡಬ್ಬಿ, ಬಾಟಲಿ ತೊಳೆಯುವಾಗ ಬಾಟಲಿ ಭಾರವಾಗಿತ್ತು. ಬೆಳಗ್ಗೆ ತುಂಬಿಸಿದ ನೀರು ಹಾಗೇ ಇದೆ! ಎರಡು ದಿನ ನೋಡಿದೆ, ಮೂರು ದಿನ ನೋಡಿದೆ. ಒಂದು ಗುಟುಕೂ ಕುಡಿದಿಲ್ಲ. ಮನೆಗೆ ಬಂದವನು ಬ್ಯಾಗು ಎಸೆದು ಮೊದಲು ಓಡುತ್ತಿದ್ದುದು ಬಚ್ಚಲಿಗೆ. ಎಷ್ಟೋ ದಿನದಿಂದ ಕಣ್ಣೆದುರೇ ನಡೀತಿತ್ತು, ನಾನು ನೋಡಿರಲಿಲ್ಲ.

ಭಾನುವಾರ ಅವನ ತಲೆಗೆ ಎಣ್ಣೆ ಹಚ್ಚುತ್ತಾ, ಮುಖ ನೋಡದೆ ಕೇಳಿದೆ: ‘ಸ್ಕೂಲಲ್ಲಿ ನೀರು ಯಾಕೋ ಕುಡಿಯಲ್ಲ ನೀನು?’ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: ‘ಕುಡಿದ್ರೆ ಒಂದಕ್ಕೆ ಬರುತ್ತಲ್ಲಮ್ಮ.’ ಬಂದರೆ ಏನು? ‘ಅಲ್ಲಿ ದೊಡ್ಡ ಹುಡುಗ್ರು ಹೊರಗಿಂದ ಚಿಲಕ ಹಾಕ್ತಾರೆ. ಕತ್ತಲೆ.’

ಅಷ್ಟೇ! ಒಂದು ಚಿಲಕ. ಮಧ್ಯಾಹ್ನದವರೆಗೂ ತಡೆದುಕೊಂಡು ಕೂತ ಮಗುವಿಗೆ ಊಟ ಆದ ಮೇಲೆ ಕಿರಿಕಿರಿಯಾಗದೆ ಇರುತ್ತಾ? ಪಕ್ಕದವನು ಮೈಗೆ ತಾಗಿದರೂ ಸಾಕು, ತಳ್ಳುತ್ತಿದ್ದ. ಅದು ನಮಗೆ ‘ಕೆಟ್ಟ ನಡತೆ’ಯಾಗಿ ಕಂಡಿತ್ತು. ಬೆಳಗಿನ ಹೊಟ್ಟೆನೋವು ‘ನಾಟಕ’ವಾಗಿ ಕಂಡಿತ್ತು. ಅದಕ್ಕೆ ನಾನು ಕೊಟ್ಟ ಔಷಧಿ ಬೆನ್ನಿಗೆ ಎರಡು ಏಟು!

ಸೋಮವಾರ ಕ್ಲಾಸ್ ಟೀಚರ್ ಹತ್ತಿರ ಹೋಗಿ ವಿಷಯ ಹೇಳಿದೆ. ಜಗಳಕ್ಕೆ ಹೋಗಲಿಲ್ಲ, ನಡೆದಿದ್ದನ್ನು ಹೇಳಿದೆ ಅಷ್ಟೇ. ಆಕೆ ಒಳ್ಳೆಯ ಹೆಣ್ಣುಮಗಳು. ಕೆಲವು ದಿನ ಪಾಠದ ನಡುವೆಯೇ ಇವನನ್ನು ಹೊರಗೆ ಬಿಟ್ಟರು. ಬಿಡುವಿನಲ್ಲಿ ಆಯಾ ಒಬ್ಬರು ಅಲ್ಲೇ ನಿಲ್ಲುವಂತಾಯಿತು. ಚಿಲಕ ಹಾಕುತ್ತಿದ್ದ ಇಬ್ಬರು ಹುಡುಗರಿಗೆ ಹೊಡೆಯಲೂ ಇಲ್ಲ, ಬೆಂಚಿನ ಮೇಲೆ ನಿಲ್ಲಿಸಲೂ ಇಲ್ಲ. ‘ಚಿಕ್ಕ ಮಕ್ಕಳ ಸಾಲು ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮದು’ ಅಂತ ಅವರಿಗೇ ವಹಿಸಿದರು. ಮೊದಲು ನನಗೆ ಸಿಟ್ಟು ಬಂದಿತ್ತು. ಆದರೆ ನೋಡನೋಡುತ್ತಾ ಆ ಹುಡುಗರೇ ಇವನನ್ನು ವ್ಯಾನ್ ಹತ್ತಿಸಿ ಕಳಿಸುವಂತಾದರು. ಆ ತಿಂಗಳೇ ಹೊಟ್ಟೆನೋವು ಹೋಯಿತು.

ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ‘ವಾಟರ್ ಬೆಲ್’ ಪದ್ಧತಿ 2019ರಲ್ಲಿ ಕೇರಳದ ಶಾಲೆಗಳಲ್ಲಿ ಸುದ್ದಿಯಾಗಿ, ನಮ್ಮ ರಾಜ್ಯಕ್ಕೂ ಬಂದದ್ದು ನಿಮಗೆ ನೆನಪಿರಬಹುದು. ಒಳ್ಳೆಯದೇ. ಆದರೆ ನೀರಿನ ಗಂಟೆ ಹೊಡೆದರೆ ಸಾಲದು, ಕುಡಿದ ನೀರು ಹೋಗೋಕೆ ಚೊಕ್ಕಟವಾದ, ಹೆದರಿಕೆಯಿಲ್ಲದ ಜಾಗವೂ ಬೇಕು. ಪೋಷಕರ ಸಭೆಯಲ್ಲಿ ನಾವು ಅಂಕದ ಬಗ್ಗೆ ಕೇಳ್ತೀವಿ, ಇಂಗ್ಲಿಷ್ ಬಗ್ಗೆ ಕೇಳ್ತೀವಿ. ಶೌಚಾಲಯದ ಬಗ್ಗೆ ಎಷ್ಟು ಜನ ಕೇಳ್ತೀವಿ?

ದಂಡಂ ದಶಗುಣಂ ಅನ್ನೋರಿಗೆ

‘ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತ ಹಿಡಿದರೆ ಹುಡುಗ್ರು ನೆಟ್ಟಗಿರ್ತಿದ್ರು. ಈಗ ಕೈಯೆತ್ತೋ ಹಾಗಿಲ್ಲ, ಅದಕ್ಕೇ ಹಾಳಾಗಿದ್ದಾವೆ’ ಅನ್ನೋ ಮಾತು ಎಲ್ಲರ ಮನೆಯಲ್ಲೂ ಕೇಳ್ತೀವಿ. ನಮ್ಮ ಮಾವನವರೂ ಅದನ್ನೇ ಹೇಳ್ತಾರೆ. ಆದರೆ ಒಂದು ವಿಷಯ ಯೋಚಿಸಿ. ಆ ಕಾಲದ ಕ್ಲಾಸಿನಲ್ಲಿ ನೆಟ್ಟಗೆ ಕೂತಿದ್ದವರು ಉಳಿದುಕೊಂಡ ಹುಡುಗರು ಮಾತ್ರ. ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟು ಕುರಿ ಹಿಂದೆ ಹೋದವರು, ಹೋಟೆಲಿನಲ್ಲಿ ಲೋಟ ತೊಳೆಯಲು ಹೋದವರು ಆ ಲೆಕ್ಕದಲ್ಲಿ ಸಿಗುವುದೇ ಇಲ್ಲ.

ಮಕ್ಕಳ ಕಡ್ಡಾಯ ಶಿಕ್ಷಣ ಹಕ್ಕಿನ ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 17ನೇ ಕಲಮು ಮಕ್ಕಳನ್ನು ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಎರಡನ್ನೂ ನಿಷೇಧಿಸುತ್ತದೆ. ‘ನಿನ್ನ ತಲೆಗೆ ಹತ್ತಲ್ಲ, ದನ ಕಾಯೋಕೆ ಹೋಗು’ ಅನ್ನೋದೂ ಹಿಂಸೆಯೇ. ಶಾಲೆಗೆ ಈ ನಿಯಮ ಇದೆ. ಮನೆಗೆ? ನಾವೇ ಹಾಕಿಕೊಳ್ಳಬೇಕು. ಹೊಡೆದರೆ ತಪ್ಪು ನಿಲ್ಲಬಹುದು, ಆದರೆ ಹೇಳಿಕೊಳ್ಳುವುದೂ ನಿಂತುಹೋಗುತ್ತದೆ. ನನ್ನ ಮಗ ಗೋಡೆ ಕಡೆ ತಿರುಗಿ ಮಲಗಿದ್ದನಲ್ಲ, ಹಾಗೆ.

ಹಾಗಂತ ಮಾಡಿದ್ದಕ್ಕೆಲ್ಲ ಮುದ್ದು ಮಾಡಿ ಅಂತ ನಾನು ಹೇಳ್ತಿಲ್ಲ. ಗೆಳೆಯನ ಪೆನ್ಸಿಲ್ ಮುರಿದರೆ ತನ್ನ ಪಾಕೆಟ್ ಮನಿಯಲ್ಲೇ ಹೊಸದು ಕೊಡಲಿ. ಯಾರನ್ನಾದರೂ ತಳ್ಳಿದರೆ ಹೋಗಿ ‘ತಪ್ಪಾಯ್ತು’ ಅಂತ ಕೇಳಲಿ. ಮಾಡಿದ ತಪ್ಪನ್ನು ತಾನೇ ಸರಿಮಾಡುವುದು ಏಟಿಗಿಂತ ಹೆಚ್ಚು ದಿನ ನೆನಪಿರುತ್ತದೆ.

ಕಣಕಟ್ಟೆಯ ಖಾಲಿ ಜಾಗ

ನನ್ನ ತವರು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ. ಹೋಬಳಿ ಕೇಂದ್ರ. ಸುತ್ತ ತೆಂಗಿನ ತೋಟ, ರಾಗಿ ಹೊಲ. ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಪ್ರೈಮರಿ ಓದುವಾಗ ಹಾಜರಿ ಪುಸ್ತಕ ನೋಡಿದರೇ ಯಾವ ತಿಂಗಳು ಅಂತ ಹೇಳಿಬಿಡಬಹುದಿತ್ತು. ರಾಗಿ ಕೊಯ್ಲು ಬಂತೆಂದರೆ ಅರ್ಧ ಕ್ಲಾಸು ಖಾಲಿ. ಕಾಯಿ ಸುಲಿಯುವ, ಕೊಬ್ಬರಿ ಹೊರುವ ಕೆಲಸ ಇದ್ದರೆ ಗಂಡುಹುಡುಗರು ಇಲ್ಲ. ಅಮ್ಮ ಬಾಣಂತಿ ಅಂದರೆ ಹಿರಿಮಗಳು ಇಲ್ಲ.

ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಹಾಗೇ ಹೋದವಳು. ಹೆಸರು ಬೇಡ ಬಿಡಿ. ಲೆಕ್ಕದಲ್ಲಿ ನನಗಿಂತ ಚುರುಕು. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದಳು. ಆರನೇ ಕ್ಲಾಸಿನಲ್ಲಿ ತಮ್ಮ ಹುಟ್ಟಿದ. ಮೊದಲು ವಾರಕ್ಕೆ ಎರಡು ದಿನ ತಪ್ಪಿತು, ಆಮೇಲೆ ನಾಲ್ಕು ದಿನ. ಬಂದಾಗ ಮೇಷ್ಟ್ರು ‘ಬಂದ್ರಾ ಮಹಾರಾಣಿ’ ಅನ್ನೋರು, ನಾವೆಲ್ಲ ನಗುತ್ತಿದ್ದೆವು. ನಾನೂ ನಕ್ಕಿದ್ದೆ. ಒಂದು ದಿನದಿಂದ ಬರಲೇ ಇಲ್ಲ. ಮೇಷ್ಟ್ರು ಹೆಸರು ಕೂಗೋದು, ನಾವು ‘ಬಂದಿಲ್ಲಾ ಸಾರ್’ ಅನ್ನೋದು ಸ್ವಲ್ಪ ದಿನ ನಡೀತು. ಆಮೇಲೆ ಹೆಸರು ಕೂಗೋದೂ ನಿಂತಿತು. ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ಯಾಕೆ ಬರ್ತಿಲ್ಲ ಅಂತ ಅವಳ ಮನೆಗೆ ಹೋಗಿ ಯಾರೂ ಕೇಳಲಿಲ್ಲ.

ಆಮೇಲೆ ಕಾಲ ಬದಲಾಯಿತು ಅನ್ನಿ. ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಶಾಲೆಯಲ್ಲಿ ಬೇಯಿಸಿದ ಊಟ ಕೊಡಿ ಅಂತ ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮಾರನೇ ವರ್ಷ ಉಳಿದ ಕಡೆಗೂ ಬಂತು. ನಾನಾಗಲೇ ಪ್ರೈಮರಿ ಮುಗಿಸಿದ್ದೆ. ನನ್ನ ತಮ್ಮ ಆ ಬಿಸಿಯೂಟ ಉಂಡವನು. 2006–07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ದೂರದ ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಸೈಕಲ್ ತುಳಿದುಕೊಂಡು ಬರೋದನ್ನು ನೋಡಿದಾಗ ನಮಗೆಲ್ಲ ಎಷ್ಟು ಹೊಟ್ಟೆಕಿಚ್ಚು! ಕೋವಿಡ್ ಬಂದ ಮೇಲೆ ಆ ಸೈಕಲ್ ನಿಂತಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಚಿತವಾಯಿತು.

ಇವೆಲ್ಲ ಮಕ್ಕಳನ್ನು ಶಾಲೆಯ ಬಾಗಿಲವರೆಗೆ ತಂದವು. ಹಸಿವು, ದೂರ, ದುಡ್ಡು, ಈ ಮೂರೂ ಎಷ್ಟು ದೊಡ್ಡ ಅಡ್ಡಿ ಅಂತ ತೋರಿಸಿಕೊಟ್ಟವು. ಆದರೆ ಒಳಗೆ ಬಂದ ಮಗು ಉಳಿಯಬೇಕಲ್ಲ?

ಅದಕ್ಕೆ ದಾರಿ ತೋರಿಸಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಅಲ್ಲಿನ ಸರ್ಕಾರಿ ಶಿಕ್ಷಕರು, ಯುನಿಸೆಫ್ ನೆರವಿನಿಂದ 1995ರಲ್ಲಿ ‘ನಲಿ ಕಲಿ’ ಶುರು ಮಾಡಿದರು. 2009–10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಅದು ಬಂತು. ಚಿಕ್ಕ ತರಗತಿಗಳಿಗೆ ಮಾತ್ರ. ಅದರ ಗುಟ್ಟು ಏನು ಗೊತ್ತಾ? ಕಲಿಕೆಯನ್ನು ಏಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿ, ಕಾರ್ಡುಗಳಲ್ಲಿ ಕೊಡುತ್ತಾರೆ. ಮಗು ಹತ್ತು ದಿನ ಬರದಿದ್ದರೂ, ಬಂದ ದಿನ ತಾನು ಬಿಟ್ಟಿದ್ದ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತಬಹುದು. ‘ಪಾಠ ಮುಂದೆ ಹೋಗಿಬಿಟ್ಟಿದೆ, ನನಗೇನೂ ಅರ್ಥವಾಗಲ್ಲ’ ಅನ್ನುವ ಭಯ ಇಲ್ಲ. ಯಾರೂ ‘ಬಂದ್ರಾ ಮಹಾರಾಣಿ’ ಅನ್ನುವುದಿಲ್ಲ.

ಒಂದು ದಿನ ತಪ್ಪಿದ್ದರಿಂದ ಯಾವ ಮಗುವೂ ಶಾಲೆ ಬಿಡುವುದಿಲ್ಲ ಕಣ್ರೀ. ತಪ್ಪಿಸಿಕೊಂಡು ಮತ್ತೆ ಹೋದ ದಿನ ಆಗುವ ಅವಮಾನದಿಂದ ಬಿಡುತ್ತದೆ.

ನನ್ನ ಸಿಂಕಿನ ಮುಂದೆ ನಿಂತವಳು

ಇನ್ನು ನಾಚಿಕೆಯ ವಿಷಯ.

ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆಗೆ ಚಿಕುನ್‌ಗುನ್ಯಾ ಬಂತು. ಕೈಕಾಲು ಗಂಟುಗಳೆಲ್ಲ ಊದಿ ಎದ್ದು ನಿಲ್ಲಲೂ ಆಗದು. ‘ಅಕ್ಕ, ನಾಲ್ಕು ದಿನ ಮಗಳನ್ನ ಕಳಿಸ್ತೀನಿ, ಬೇರೆಯೋರ್ನ ಹುಡುಕಬೇಡಿ’ ಅಂತ ಫೋನ್ ಮಾಡಿದಳು. ಮಾರನೇ ದಿನ ಬೆಳಗ್ಗೆ ಏಳನೇ ಕ್ಲಾಸಿನ ಹುಡುಗಿ ಬಂದು ನಿಂತಳು. ಹನ್ನೆರಡು ವರ್ಷ.

‘ಸ್ಕೂಲ್ ಇಲ್ವೇನೇ ಇವತ್ತು?’ ಅಂತ ಕೇಳಿದೆ.

‘ಇದೆ ಅಕ್ಕ’ ಅಂದಳು.

ನಾನೇನು ಮಾಡಿದೆ ಗೊತ್ತಾ? ಪಾತ್ರೆ ಉಜ್ಜುವ ನಾರು ಕೈಗೆ ಕೊಟ್ಟೆ. ಒಂದು ದಿನ ತಾನೇ ಅಂದುಕೊಂಡೆ. ತಿಂಡಿ ಕೊಟ್ಟೆ, ಹಳೇ ಚೂಡಿದಾರ್ ಕೊಟ್ಟೆ, ಒಳ್ಳೆಯವಳೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಾಲ್ಕು ದಿನ ಹನ್ನೊಂದು ದಿನವಾಯಿತು. ಅಲ್ಲಿ ಮಗನ ಹೊಟ್ಟೆನೋವಿಗೆ ಟೀಚರ್ ಹತ್ತಿರ ಓಡಿದವಳು ನಾನೇ, ಇಲ್ಲಿ ಇನ್ನೊಬ್ಬಳ ಮಗಳನ್ನು ಸಿಂಕಿನ ಮುಂದೆ ನಿಲ್ಲಿಸಿಕೊಂಡವಳೂ ನಾನೇ.

ಹನ್ನೊಂದನೇ ದಿನ ವ್ಯಾನ್‌ಗೆ ಕಾಯುತ್ತಿದ್ದ ಮಗ ಕೇಳಿದ: ‘ಅಮ್ಮ, ಆ ಅಕ್ಕಂಗೆ ದಿನಾ ರಜಾನಾ?’ ಉತ್ತರ ಹೊಳೆಯಲಿಲ್ಲ. ಅಡುಗೆಮನೆಗೆ ಬಂದೆ. ಆ ಹುಡುಗಿ ಬಗ್ಗಿ ಕುಕ್ಕರ್ ಉಜ್ಜುತ್ತಿದ್ದಳು. ಕಣಕಟ್ಟೆಯ ಆ ಖಾಲಿ ಜಾಗ ನೆನಪಾಯಿತು. ನನ್ನ ಗೆಳತಿ ಎಲ್ಲಿಗೆ ಹೋದಳು ಅಂತ ಇಷ್ಟು ವರ್ಷ ಯೋಚಿಸಿದ್ದೆನಲ್ಲ, ಯಾರದೋ ಮನೆಯ ಹೀಗೊಂದು ಸಿಂಕಿಗೇ ಬಂದಿರಬೇಕು.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ಅಪರಾಧ. 2016ರ ತಿದ್ದುಪಡಿ ಆ ವಯಸ್ಸಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ ಅಂದಿತು. ಸ್ವಂತ ಮನೆಯವರಿಗೆ ನೆರವಾಗುವುದಾದರೂ ಶಾಲೆಯ ಸಮಯ ಬಿಟ್ಟೇ ಆಗಬೇಕು. ಬಾಲಕಾರ್ಮಿಕ ಅಂದರೆ ಗ್ಯಾರೇಜಿನ ಹುಡುಗ, ಹೋಟೆಲಿನ ಹುಡುಗ ಅಂತಲೇ ನಾವು ಅಂದುಕೊಂಡಿದ್ದೀವಿ. ‘ಅಮ್ಮನ ಬದಲಿಗೆ ನಾಲ್ಕು ದಿನ ಬಂದವಳು’ ನಮ್ಮ ಕಣ್ಣಿಗೆ ಹಾಗೆ ಕಾಣುವುದೇ ಇಲ್ಲ.

ಅವತ್ತೇ ಅವಳ ಮನೆಗೆ ಹೋದೆ. ‘ಮಗಳು ನಾಳೆಯಿಂದ ಸ್ಕೂಲಿಗೆ ಹೋಗಲಿ. ನೀನು ಹುಷಾರಾಗಿ ಬಾ. ಸಂಬಳ ಹಿಡಿಯಲ್ಲ, ಬೇರೆಯವರನ್ನೂ ಇಟ್ಕೊಳ್ಳಲ್ಲ’ ಅಂದೆ. ಆಕೆ ಅತ್ತುಬಿಟ್ಟಳು. ಅವಳಿಗೆ ಇದ್ದ ಭಯ ಅದೊಂದೇ, ಮನೆ ತಪ್ಪಿಹೋಗುತ್ತೆ ಅಂತ. ಐದು ವಾರ ನಾನೇ ಪಾತ್ರೆ ತೊಳೆದೆ. ಸೊಂಟ ನೋಯಿತು, ಯಜಮಾನರು ‘ದುಡ್ಡೂ ಕೊಟ್ಟು ಕೆಲಸವೂ ನಿಂದೇ’ ಅಂತ ನಕ್ಕರು. ನಗಲಿ ಬಿಡಿ. ನಮ್ಮವರಿಗೆ ಆಫೀಸಿನಲ್ಲಿ ಸಿಕ್ ಲೀವ್ ಇಲ್ವಾ?

ಆದರೆ ಹುಡುಗಿ ಹೋಗಲು ಒಪ್ಪಲಿಲ್ಲ! ‘ಲೆಕ್ಕ ಎಲ್ಲ ಮುಂದೆ ಹೋಗಿದೆ, ಬೈತಾರೆ ಅಕ್ಕ’ ಅಂದಳು. ಶಾಲೆಗೆ ಫೋನ್ ಮಾಡಿದೆ. ಹೆಡ್‌ಮಾಸ್ಟರು ‘ಕಳಿಸಿಕೊಡಿ ತಾಯಿ, ಯಾರೂ ಬೈಯಲ್ಲ’ ಅಂದರು. ಅವಳ ಕ್ಲಾಸಿನ ಇನ್ನೊಬ್ಬ ಹುಡುಗಿಗೆ ನೋಟ್ಸ್ ಕೊಡಲು ಹೇಳಿದರು. ಸಂಜೆ ಒಂದು ಗಂಟೆ ಭಿನ್ನರಾಶಿ ಹೇಳಿಕೊಟ್ಟಿದ್ದು ಬಿಎ ಓದಿದ ನಾನು! ಮೊದಲು ನಾನೇ ಕಲಿಯಬೇಕಾಯಿತು ಅನ್ನೋದು ಬೇರೆ ಮಾತು. ಈಗ ಅವಳು ಎಂಟನೇ ಕ್ಲಾಸು. ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಹೋದ ತಿಂಗಳೂ ಮೂರು ದಿನ ತಪ್ಪಿದೆ. ಆದರೆ ಈಗ ತಪ್ಪಿದರೆ ಕೇಳುವವರು ಇದ್ದಾರೆ.

ರಜೆ ಹಾಕಿಸುವವರು ನಾವೇ!

ಇನ್ನೊಂದು ಮಾತು. ಮಕ್ಕಳು ಶಾಲೆ ತಪ್ಪಿಸುತ್ತವೆ ಅಂತೀವಿ, ತಪ್ಪಿಸುವವರು ಎಷ್ಟೋ ಸಲ ನಾವೇ. ಆಷಾಢದಲ್ಲಿ ಮಾಲೇಕಲ್ಲು ತಿರುಪತಿ ತೇರು, ಹುಣ್ಣಿಮೆಗೆ ಜೇನುಕಲ್ಲು ಬೆಟ್ಟ, ನಾದಿನಿ ಮಗಳ ಸೀಮಂತ, ಚಿಕ್ಕಪ್ಪನ ಮಗನ ಮದುವೆ, ಮದುವೆಗೆ ಮುಂಚೆ ಸೀರೆ ತೆಗೆಯಲು ಒಂದು ದಿನ! ಮಾರನೇ ದಿನ ಚೀಟಿ: ‘ಜ್ವರ ಇದ್ದುದರಿಂದ...’ ಆ ಚೀಟಿ ಬರೆಯುವುದನ್ನು ಮಗು ಪಕ್ಕದಲ್ಲೇ ನಿಂತು ನೋಡುತ್ತದೆ. ಶಾಲೆಗೆ ಸುಳ್ಳು ಹೇಳಬಹುದು ಅಂತ ಮೊದಲ ಪಾಠ ಕೊಟ್ಟವರು ಯಾರು?

ಜಾತ್ರೆ, ಮದುವೆ ಬೇಡವೇ ಬೇಡ ಅಂತಲ್ಲ. ನೆಂಟರಿಷ್ಟರ ಒಡನಾಟವೂ ಮಕ್ಕಳಿಗೆ ಬೇಕು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು. ತಿಂಗಳಿಗೆ ಬರೀ ಎರಡು ದಿನ ತಪ್ಪಿದರೂ ಹತ್ತು ತಿಂಗಳಿಗೆ 20 ದಿನ. ಏಳನೇ ಕ್ಲಾಸು ಮುಗಿಯುವಷ್ಟರಲ್ಲಿ 140 ದಿನ! ಹತ್ತಿರ ಹತ್ತಿರ ಮುಕ್ಕಾಲು ವರ್ಷ. ಎಸ್ಸೆಸ್ಸೆಲ್ಸಿಗೆ ಬಂದಾಗ ಶೇ 75ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ಗಾಬರಿಯಾಗ್ತೀವಿ. ಆದರೆ ಅಭ್ಯಾಸ ಶುರುವಾಗಿದ್ದು ಒಂದನೇ ಕ್ಲಾಸಿನಲ್ಲಿ.

ಹಾಗೇ ಇನ್ನೊಂದು ತುದಿಯೂ ಬೇಡ. ‘ನೂರಕ್ಕೆ ನೂರು ಹಾಜರಾತಿ’ ಬಹುಮಾನಕ್ಕಾಗಿ ಜ್ವರ ಬಂದ ಮಗುವಿಗೆ ಮಾತ್ರೆ ನುಂಗಿಸಿ ಕಳಿಸುವವರನ್ನೂ ನೋಡಿದ್ದೀನಿ. ಕೋವಿಡ್ ಕಂಡ ಮೇಲೂ ಇದು ಸರಿಯಾ? ನಿಜವಾಗಿ ಹುಷಾರಿಲ್ಲದ ಮಗು ಮನೆಯಲ್ಲಿರಲಿ.

ನಾವು ಮಾಡಬಹುದಾದ್ದು

ದೊಡ್ಡ ದೊಡ್ಡ ಯೋಜನೆ ಸರ್ಕಾರ ಮಾಡಲಿ. ಅಡುಗೆಮನೆಯಿಂದ ನಾವು ಮಾಡಬಹುದಾದ್ದೂ ಬೇಕಾದಷ್ಟಿದೆ:

• ಸಂಜೆ ಬ್ಯಾಗು, ಬಾಟಲಿ, ಡಬ್ಬಿ ನೋಡಿ. ತುಂಬಿದ ಬಾಟಲಿ, ಮುಟ್ಟದ ಊಟ, ಹರಿದ ಗುಂಡಿ, ಮತ್ತೆ ಮತ್ತೆ ಕಳೆದುಹೋಗುವ ಪೆನ್ಸಿಲ್, ಇವು ಡೈರಿಗಿಂತ ಹೆಚ್ಚು ಹೇಳುತ್ತವೆ.

• ‘ಯಾಕೆ ಹೋಗಲ್ಲ?’ ಅಂತ ಬೆಳಗಿನ ಗಡಿಬಿಡಿಯಲ್ಲಿ ಕೇಳಬೇಡಿ. ಜಡೆ ಹಾಕುವಾಗ, ಬಟಾಣಿ ಸುಲಿಯುವಾಗ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಕೇಳಿ. ‘ಇವತ್ತು ಯಾರ ಪಕ್ಕ ಕೂತಿದ್ದೆ? ಬಿಡುವಿನಲ್ಲಿ ಏನಾಡಿದ್ರಿ?’ ಇಷ್ಟೇ ಸಾಕು.

• ಯಾವ ದಿನ ಹೊಟ್ಟೆನೋವು ಬರುತ್ತೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯೋ ಹಾಗೆ. ಪ್ರತಿ ಸೋಮವಾರವಾ? ಪಿಟಿ ಇರೋ ದಿನವಾ? ಲೆಕ್ಕದ ಟೆಸ್ಟ್ ದಿನವಾ? ಕಾರಣ ಅಲ್ಲೇ ಸಿಗುತ್ತದೆ.

• ನಿಜವಾದ ಕಾಯಿಲೆಯನ್ನೂ ಮರೆಯಬೇಡಿ. ಬೋರ್ಡು ಕಾಣದ ಮಗುವೂ ಗಲಾಟೆ ಮಾಡುತ್ತದೆ. ಕಣ್ಣು ತೋರಿಸಿ. ಜಂತುಹುಳುವಿನ ಮಾತ್ರೆ ಕೊಡಿಸಿ. ಆಫ್ರಿಕಾದ ಕೀನ್ಯಾದಲ್ಲಿ ಶಾಲಾ ಮಕ್ಕಳಿಗೆ ಜಂತುಹುಳುವಿನ ಔಷಧಿ ಕೊಟ್ಟಾಗ ಗೈರುಹಾಜರಿ ಸುಮಾರು ಕಾಲುಭಾಗ ಇಳಿಯಿತು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2004ರಲ್ಲಿ ಬರೆದರು. ಆ ಲೆಕ್ಕದ ಬಗ್ಗೆ ಆಮೇಲೆ ವಾದ ನಡೆದಿದೆ, ಆದರೆ ಹೊಟ್ಟೆಯಲ್ಲಿ ಹುಳು ಇಟ್ಟುಕೊಂಡು ಪಾಠ ಕೇಳಲು ಆಗಲ್ಲ ಅನ್ನೋದು ತಾಯಂದಿರಿಗೆ ಗೊತ್ತಿರೋದೇ. ನಮ್ಮ ಶಾಲೆ, ಅಂಗನವಾಡಿಗಳಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಾತ್ರೆ ಕೊಡುತ್ತಾರೆ. ಅವತ್ತು ತಪ್ಪಿಸಬೇಡಿ.

• ದೊಡ್ಡ ಹೆಣ್ಣುಮಕ್ಕಳು ಪ್ರತಿ ತಿಂಗಳು ಅದೇ ಎರಡು ಮೂರು ದಿನ ತಪ್ಪಿಸುತ್ತಿದ್ದರೆ ಕಾರಣ ನಮಗೆ ಗೊತ್ತು. ಬ್ಯಾಗಿನಲ್ಲಿ ಪ್ಯಾಡ್, ಇನ್ನೊಂದು ಜೊತೆ ಒಳಉಡುಪು ಇಟ್ಟು ಕಳಿಸಿ. ಕೆಲಸದಾಕೆಯ ಮಗಳಿಗೂ ಒಂದು ಪ್ಯಾಕೆಟ್ ಕೊಡಿ. ಹಳೇ ಬಟ್ಟೆಗಿಂತ ಅದು ಒಳ್ಳೆಯ ಉಡುಗೊರೆ.

• ರಾತ್ರಿ ಒಂಬತ್ತಕ್ಕೆ ಮೊಬೈಲ್ ಕೈಯಿಂದ ಇಳಿಯಲಿ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಕೊಟ್ಟ ಫೋನು ಇನ್ನೂ ವಾಪಸು ಬಂದಿಲ್ಲ ಎಷ್ಟೋ ಮನೆಯಲ್ಲಿ! ರಾತ್ರಿ ನಿದ್ದೆಗೆಟ್ಟ ಮಗು ಬೆಳಗ್ಗೆ ಶಾಲೆ ಬೇಡ ಅನ್ನುತ್ತದೆ, ಹೋದರೂ ಅಲ್ಲಿ ಸಿಡಿಮಿಡಿ ಅನ್ನುತ್ತದೆ. ನಮ್ಮ ಧಾರಾವಾಹಿಯೂ ಆಗ ನಿಲ್ಲಬೇಕು, ಮತ್ತೆ!

• ಟೀಚರ್ ಹತ್ತಿರ ದೂರು ಬಂದಾಗ ಮಾತ್ರ ಹೋಗಬೇಡಿ. ಸುಮ್ಮನೆ ಒಮ್ಮೆ ಹೋಗಿ. ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಎಸ್‌ಡಿಎಂಸಿಗೆ ಸೇರಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಆ ಕುರ್ಚಿಯಲ್ಲಿ ನಾವು ಕೂರದಿದ್ದರೆ ಶೌಚಾಲಯದ ಮಾತು ಯಾರು ಎತ್ತುತ್ತಾರೆ?

• ರಜೆ ಹಾಕಿಸಿದರೆ ನಿಜ ಬರೆಯಿರಿ. ‘ಮದುವೆಗೆ ಹೋಗಿದ್ದೆವು, ತಪ್ಪಿದ ಪಾಠ ಓದಿಸುತ್ತೇವೆ.’ ವಾಪಸು ಹೋಗುವ ಮುಂಚೆ ಗೆಳೆಯರಿಂದ ನೋಟ್ಸ್ ತರಿಸಿ.

• ನಿಮ್ಮ ಮನೆಗೆ, ಪಕ್ಕದ ಮನೆಗೆ, ಬೀದಿಯ ಕಟ್ಟಡದ ಕೆಲಸಕ್ಕೆ ಶಾಲೆಯ ಹೊತ್ತಿನಲ್ಲಿ ಒಂದು ಮಗು ಬಂದರೆ ಕೇಳಿ. ಹತ್ತಿರದ ಶಾಲೆಗೆ ತಿಳಿಸಿ. ದಾರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿ ನೋಡಿ ನಮ್ಮ ಹೈಕೋರ್ಟೇ 2013ರಲ್ಲಿ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಸರ್ಕಾರವನ್ನು ಪ್ರಶ್ನೆ ಮಾಡಿತ್ತು. ನ್ಯಾಯಾಧೀಶರು ಪತ್ರಿಕೆ ಓದಿ ಕೇಳಬಹುದಾದರೆ, ಬಾಗಿಲಿಗೇ ಬಂದು ನಿಂತ ಮಗುವನ್ನು ನಾವು ಕೇಳಬಾರದೇ?

ಹೋದ ಯುಗಾದಿಗೆ ಕಣಕಟ್ಟೆಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಆ ಹಳೇ ಗೆಳತಿ ಸಿಕ್ಕಿದ್ದಳು. ಕೈಯಲ್ಲಿ ಮೊಮ್ಮಗು. ಹೌದು, ನನ್ನ ವಯಸ್ಸಿನವಳೇ, ಆಗಲೇ ಅಜ್ಜಿ. ಮಾತಾಡಿದೆವು, ನಕ್ಕೆವು. ಬಸ್ಸು ಬಂದಾಗ ನನ್ನ ಕೈ ಹಿಡಿದು, ‘ಯಾವ ಊರಿಗೆ ಅಂತ ಬೋರ್ಡ್ ಮೇಲೈತೆ ನೋಡೇ, ನಂಗೆ ಈಗ ಓದೋಕೆ ತಡವರಿಸುತ್ತೆ’ ಅಂದಳು. ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದವಳು!

ನಾಳೆ ಬೆಳಗ್ಗೆ ಏಳೂವರೆಗೆ ನಿಮ್ಮ ಮನೆಯಲ್ಲೂ ಆ ಸಣ್ಣ ದನಿ ಕೇಳಿಸಬಹುದು. ಉಪ್ಪಿಟ್ಟು ಸ್ವಲ್ಪ ಸೀದರೂ ಪರವಾಗಿಲ್ಲ. ಒಲೆ ಆರಿಸಿ, ಎರಡು ನಿಮಿಷ ಪಕ್ಕ ಕೂತು ನೋಡಿ. ಕೆಲಸದಾಕೆಯ ಬದಲಿಗೆ ಅವಳ ಮಗಳು ಬಾಗಿಲಿಗೆ ಬಂದರೂ ಅಷ್ಟೇ. ‘ಸ್ಕೂಲ್ ಇಲ್ವೇನೇ?’ ಅಂತ ಕೇಳಿ. ‘ಇದೆ’ ಅಂದರೆ ಪಾತ್ರೆಯ ನಾರು ನೀವೇ ಹಿಡಿದುಕೊಳ್ಳಿ.